ದಡಕ್ಕೆ ಬಂದು ನಿಂತುಬಿಡುವ ನಕ್ಷೆ



ನವಿ ಮುಂಬಯಿಯಲ್ಲಿ, ಕಡಲತಳದ ಜ್ವಾಲಾಮುಖಿಗಳ ಮೇಲೆ ಕನ್ನಡದಲ್ಲಿ ವಿಚಾರ ಸಂಕಿರಣ! ಸಂಘಟಕರ ಧೈರ್ಯ ದೊಡ್ಡದು. ಆಶಯ ಭಾಷಣಕ್ಕೆ ನನ್ನನ್ನು ಕರೆದದ್ದು ಇನ್ನೂ ದೊಡ್ಡ ಧೈರ್ಯ, ಯಾಕೆಂದರೆ ನನ್ನದು ಹಳೆಯ ತಕರಾರು.

ನಮ್ಮ ಭೂವಿಜ್ಞಾನ ಎಡವಿದ್ದು ದಡದಲ್ಲಿ. ನೆಲದವರ ನಕ್ಷೆ ಅಲೆ ಬಡಿಯುವಲ್ಲಿಗೆ ಮುಗಿಯುತ್ತದೆ. ಕಡಲಿನವರದು ಹಡಗಿಗೆ ಆಳ ಸಿಕ್ಕ ಮೇಲೆ ಶುರು. ನಡುವಿನ ಪಟ್ಟಿಗೆ ವಾರಸುದಾರರೇ ಇಲ್ಲ. ಇಲ್ಲೇ ಹತ್ತಿರದ ಮಾಥೇರಾನ್ ಬೆಟ್ಟದಲ್ಲಿ ಲಾವಾ ಪದರಗಳು ಮಟ್ಟಸವಾಗಿವೆ. ಕಲ್ಯಾಣ–ಪನ್ವೇಲ್ ಗೆರೆ ದಾಟಿ ಪಡುವಣಕ್ಕೆ ಬಂದರೆ ಪದರಗಳು ಕಡಲ ಕಡೆ ವಾಲುತ್ತವೆ. ‘ಪನ್ವೇಲ್ ಫ್ಲೆಕ್ಷರ್’ ಎಂದು ಹೆಸರಿಟ್ಟು ನಾವು ಅಲ್ಲಿಗೇ ಕೈತೊಳೆದುಕೊಂಡೆವು.

ಮುಂದೇನೆಂದು ಕೇಳಿದ್ದು ಒಬ್ಬ ಅಜ್ಜಿ ಮಾತ್ರ. ಹಿಂದೊಮ್ಮೆ ಠಾಣೆ ಜಿಲ್ಲೆಯ ಅಕಲೋಲಿಯ ಬಿಸಿನೀರಿನ ಕುಂಡದಲ್ಲಿ ಕಾಲು ಇಳಿಬಿಟ್ಟಿದ್ದ ಅವರು, “ಕೆಳಗೆ ಜ್ವಾಲಾಮುಖಿ ಇದೆಯೇನಪ್ಪಾ?” ಎಂದು ಕೇಳಿದರು. “ಇಲ್ಲ ಅಜ್ಜಿ, ಮಳೆನೀರೇ ಬಿರುಕಿನಲ್ಲಿ ಆಳಕ್ಕಿಳಿದು ಕಾದು ಬರುತ್ತದೆ” ಎಂದೆ. “ಹಾಗಾದರೆ ಆ ಬಿರುಕು ಎಲ್ಲಿಗೆ ಹೋಗುತ್ತದೆ?” ಎಂದರು. ಇಂಥ ಪ್ರಶ್ನೆ ಪಿಎಚ್‌ಡಿ ಮೌಖಿಕ ಪರೀಕ್ಷೆಯಲ್ಲೂ ನಾನು ಕೇಳಿಲ್ಲ.

ಇನ್ನು ನನ್ನ ಪ್ರೀತಿಯ ಜಗಳ: ನಮ್ಮ ಪಶ್ಚಿಮ ತೀರದಾಚೆಯ ಲಕ್ಷ್ಮಿ ಬೇಸಿನ್ ಎಂಬ ಕಡಲತಳದ ತಗ್ಗು. ಅದರೊಳಗೆ ರಾಮನ್, ಪಣಿಕ್ಕರ್, ವಾಡಿಯಾ ಹೆಸರಿನ ಮೂರು ಮುಳುಗಿದ ಜ್ವಾಲಾಮುಖಿ ಬೆಟ್ಟಗಳಿವೆ. ಬೇಸಿನ್ನಿನ ತಳ ನಿಜವಾದ ಸಾಗರತಳವೋ, ಎಳೆದೆಳೆದು ತೆಳುವಾದ ಭೂಖಂಡವೋ? ತಳದ ಕಲ್ಲಿನ ಕಾಂತೀಯ ಪಟ್ಟೆಗಳನ್ನು ಎರಡೂ ಬಣಗಳು ತಮ್ಮ ತಮ್ಮ ಪರವಾಗಿ ಓದಿವೆ. ಎರಡೂ ಬಣದವರು ಇಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದಾರೆ, ನಮಸ್ಕಾರ. ನ್ಯೂ ಪನ್ವೇಲಿನ ಭೂಕಾಂತತ್ವ ಸಂಸ್ಥೆಯ ಮಿತ್ರರಿಗೂ. 2015ರಲ್ಲಿ ‘ಜಾಯ್ಡ್ಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ಈ ಬೇಸಿನ್ನಿನಲ್ಲಿ ಸುಮಾರು ಮೂರೂವರೆ ಸಾವಿರ ಮೀಟರ್ ನೀರು ದಾಟಿ, ಅದರಡಿ ಸಾವಿರ ಮೀಟರಿಗೂ ಮಿಕ್ಕ ಹೂಳು ಕೊರೆದು ಬಸಾಲ್ಟ್ ಎತ್ತಿತು. ಜಗಳ ತೀರಿತೆಂದುಕೊಂಡೆವು. 2019ರಲ್ಲಿ ಧನಂಜಯ ಪಾಂಡೆ ಮತ್ತು ಸಂಗಡಿಗರು ಅದೇ ಕಲ್ಲಿನ ರಸಾಯನ ನೋಡಿ, ಒಂದು ಭೂಫಲಕ ಇನ್ನೊಂದರಡಿ ನುಸುಳಲು ತೊಡಗಿದ್ದ ಜಾಗ ಇದು ಎಂದರು. ಈಗ ಮೂರು ಬಣ.

ಕಡಲತಳ ಓದಲು ಹಡಗೇ ಬೇಕೆಂದಿಲ್ಲ. ಚಿತ್ರದುರ್ಗದ ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಕಡಲತಳದ ಮೇಲೆ ಚಪ್ಪಲಿ ಮೆಟ್ಟಿ ನಡೆಯಬಹುದು. ಲಾವಾ ನೀರಿಗೆ ತಾಕಿದೊಡನೆ ಹೊರಮೈ ಗಾಜಿನಂತೆ ಹೆಪ್ಪುಗಟ್ಟಿ, ಒಳಗಿನ ಕಾವು ಅದನ್ನು ಒಡೆದು ದಿಂಬಿನಂಥ ಮತ್ತೊಂದು ಉಂಡೆ ಉಬ್ಬಿದೆ. ದಿಂಬುಗಳ ಬೆನ್ನು ದುಂಡಗೆ. ಬುಡ ಮಾತ್ರ ಕೆಳಗಿನ ಎರಡರ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಪದರ ಮಗುಚಿದ್ದರೂ ಮೇಲ್ಮುಖ ಯಾವುದೆಂದು ಆ ಚೂಪೇ ಹೇಳುತ್ತದೆ. ಲಕ್ಷ್ಮಿ ಬೇಸಿನ್ನಿನ ಕಲ್ಲಿನ ತುಂಡನ್ನು ಕೈಯಲ್ಲಿ ಹಿಡಿದವರಲ್ಲಿ ಎಷ್ಟು ಜನ ಮರಡಿಹಳ್ಳಿ ನೋಡಿದ್ದಾರೆ? ನೋಡಿದವರಲ್ಲಿ ಎಷ್ಟು ಜನ ಹಡಗು ಹತ್ತಿದ್ದಾರೆ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೊದಲ ಗೋಷ್ಠಿಯವರಲ್ಲಿ ಒಂದೇ ಬೇಡಿಕೆ: ಪನ್ವೇಲಿನ ಆ ವಾಲು ನೀರೊಳಗೆ ಎಷ್ಟು ದೂರ ಹೋಗುತ್ತದೆ, ಎಲ್ಲಿ ಕಡಿಯುತ್ತದೆ ಎಂಬುದನ್ನು ದಯವಿಟ್ಟು ಒಂದೇ ಹಾಳೆಯ ಮೇಲೆ ಬರೆದು ತೋರಿಸಿ. ಪೆನ್ಸಿಲಿನಲ್ಲಿ ಬರೆದರೂ ನಡೆದೀತು.