ನಮ್ಮ ಕಿವಿಗೆ ದೊರೆಯದೆ ಹೋದ ಗಾನ



ಕೇಳಿ ಆನಂದಿಸಿದ ಸಂಗೀತವನ್ನು ಕುರಿತು ಮಾತನಾಡುವವರು ಬಹುಮಂದಿ ಇದ್ದಾರೆ. ಆ ಮಾತಿಗೆ ಸ್ಮೃತಿಯ ಬೆಂಬಲವಿರುತ್ತದೆ, ಕೇಳುವವರಿಗೂ ಅದರಲ್ಲಿ ಪಾಲಿರುತ್ತದೆ. ಪ್ರತ್ಯಕ್ಷವಾಗಿ ಕೇಳುವ ಭಾಗ್ಯವೇ ದೊರೆಯದೆ ಹೋದ ಸಂಗೀತವನ್ನು ಕುರಿತು ಮಾತನಾಡುವವನಿಗೆ ಆ ಬೆಂಬಲವಿಲ್ಲ. ಆದರೂ ಹೊಸಪೇಟೆಯ ಈ ಸಂಘದ ಸಭೆಯಲ್ಲಿ ನಿಂತು ಸಂಗೀತದ ಮಾತನ್ನೆತ್ತುವಾಗ ನನ್ನ ಮನಸ್ಸು ಮೊದಲು ಹರಿಯುವುದು ಆ ಕಡೆಗೇ. ಏಕೆಂದರೆ ಈ ಊರಿನಿಂದ ಈಶಾನ್ಯಕ್ಕೆ ಹಂಪಿ, ಅದರಾಚೆಗೆ ಹೊಳೆಯ ದಂಡೆಯ ಕಂಪ್ಲಿ, ದಕ್ಷಿಣಕ್ಕೆ ಬೆಟ್ಟಗಳ ನಡುವಣ ಸಂಡೂರು ಎಂದು ಎಣಿಸುತ್ತ ಹೋದರೆ, ಆಯಾ ದಿಕ್ಕಿನಲ್ಲಿಯೂ ಒಂದು ಕಾಲಕ್ಕೆ ತುಂಬಿ ಹರಿದು ಆಮೇಲೆ ನಿಂತುಹೋದ ಗಾನವೊಂದರ ನೆಲ ನಮಗೆ ಎದುರಾಗುತ್ತದೆ.

ಹಂಪಿಯಿಂದಲೇ ತೊಡಗೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು, ಅಲ್ಲಿ ನರ್ತಿಸಿದ ಸ್ತ್ರೀಯರನ್ನೂ ಅವರು ತೊಟ್ಟಿದ್ದ ಆಭರಣಗಳ ಸಿರಿಯನ್ನೂ ಬೆರಗಿನಿಂದ ವರ್ಣಿಸಿದ್ದಾನೆ. ಆದರೆ ಅವರು ಯಾವ ರಾಗಕ್ಕೆ, ಯಾವ ತಾಳಕ್ಕೆ ಹೆಜ್ಜೆಯಿಟ್ಟರೆಂಬುದನ್ನು ಗುರುತಿಸಬಲ್ಲ ಸಂಸ್ಕಾರ ಆ ಪರದೇಶಿಯ ಕಿವಿಗೆ ಇರುವುದು ಸಾಧ್ಯವಿರಲಿಲ್ಲ. ಮಹಾನವಮಿ ದಿಬ್ಬದ ಶಿಲೆಯಲ್ಲಿಯೂ ಹಜಾರರಾಮನ ಗುಡಿಯ ಪ್ರಾಕಾರದ ಗೋಡೆಯಲ್ಲಿಯೂ ನರ್ತಕಿಯರು ಇಂದಿಗೂ ಸಾಲುಗಟ್ಟಿ ನಿಂತಿದ್ದಾರೆ. ಅವರ ಕೈ ಕಾಲುಗಳ ಭಂಗಿಯನ್ನು ನಾವು ಕಾಣಬಲ್ಲೆವೇ ಹೊರತು ಅವರನ್ನು ಕುಣಿಸಿದ ನಾದವನ್ನು ಕೇಳಲಾರೆವು. ವಿದ್ವಾಂಸರು ಬರೆದಿಟ್ಟ ಶಾಸ್ತ್ರಗ್ರಂಥಗಳಿಗೇನೋ ಕೊರತೆಯಿಲ್ಲ. ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ಕಲ್ಲಿನಾಥನು ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದುದು 15ನೆಯ ಶತಮಾನದಲ್ಲಿ, ವಿಜಯನಗರದ ಅರಸರ ಆಶ್ರಯದಲ್ಲಿ; ರಾಮಾಮಾತ್ಯನು ಅಳಿಯ ರಾಮರಾಯನ ಪ್ರೇರಣೆಯಿಂದ ಸ್ವರಮೇಳಕಲಾನಿಧಿಯನ್ನು ಪೂರೈಸಿ, ವೀಣೆಯ ಮೇಲೆ ಮೆಟ್ಟಿಲುಗಳನ್ನು ಕೂರಿಸುವ ಕ್ರಮವನ್ನು ವಿವರಿಸಿ, ರಾಗಗಳನ್ನು ಮೇಳಗಳಲ್ಲಿ ವಿಂಗಡಿಸಿದುದು 1550ರಲ್ಲಿ. ಅದಾದ ಹದಿನೈದೇ ವರ್ಷಗಳಿಗೆ, 1565ರಲ್ಲಿ, ರಕ್ಕಸಗಿ ತಂಗಡಗಿಯ ಯುದ್ಧವಾಗಿ ರಾಮರಾಯನೂ ಅಳಿದನು, ರಾಜಧಾನಿಯೂ ಹಾಳಾಯಿತು. ಲಕ್ಷಣಗ್ರಂಥ ಉಳಿಯಿತು, ಅದು ಯಾವ ಲಕ್ಷ್ಯವನ್ನು ಕೇಳಿ ಹುಟ್ಟಿತೋ ಆ ಲಕ್ಷ್ಯ ಅಳಿಯಿತು.

ವಿಜಯವಿಠ್ಠಲನ ಗುಡಿಗೆ ಬರುವ ಯಾತ್ರಿಕರು ಅಲ್ಲಿಯ ಸಪ್ತಸ್ವರದ ಕಂಬಗಳನ್ನು ಕುರಿತು ವಿಸ್ಮಯದಿಂದ ಕೇಳುತ್ತಾರೆ. ಆ ಶಿಲ್ಪಿಗಳ ಕೌಶಲಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ನನ್ನ ಮನಸ್ಸು ಅಲ್ಲಿಂದ ಇಳಿದು ತುಂಗಭದ್ರೆಯ ನೀರಿಗೆ ಸಮೀಪವಾಗಿರುವ ಪುರಂದರ ಮಂಟಪದ ಕಡೆಗೆ ಹೋಗುತ್ತದೆ. ಪುರಂದರದಾಸರು 1564ರಲ್ಲಿ ದೇಹತ್ಯಾಗ ಮಾಡಿದರೆಂಬುದು ಸಂಪ್ರದಾಯ. ಪುಷ್ಯ ಬಹುಳ ಅಮಾವಾಸ್ಯೆಯ ಆರಾಧನೆಯ ದಿನ ಅಲ್ಲಿ ಭಕ್ತರು ಕೂಡಿ ಹಾಡುತ್ತಾರೆ. ಹಾಡುವ ಪದ ದಾಸರದು. ಧಾಟಿ ಮಾತ್ರ ಬಹುಪಾಲು ಅನಂತರದವರು ಕೂಡಿಸಿದುದು. ಒಂದೇ ಕೀರ್ತನೆಯನ್ನು ಮೈಸೂರಿನವರು ಒಂದು ರಾಗದಲ್ಲಿ, ಧಾರವಾಡದವರು ಇನ್ನೊಂದರಲ್ಲಿ, ನಮ್ಮ ಹಳ್ಳಿಯ ಭಜನೆಯವರು ಮತ್ತೊಂದರಲ್ಲಿ ಹಾಡುವುದನ್ನು ತಾವೆಲ್ಲರೂ ಕೇಳಿದ್ದೀರಿ. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ವಿಜಯನಗರದ ಬೀದಿಯಲ್ಲಿ ದಾಸರು ನಡೆಯುತ್ತ ಹಾಡಿದಾಗ ಆ ಪದದ ನಡೆ ಎಂತಹುದಿದ್ದಿತೆಂದು ತಿಳಿಯುವ ಆಸೆ ನನಗೆ ತೀರದು. ಆದರೂ ಈ ಆಸೆಯನ್ನು ವ್ಯಥೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ನಾಲ್ಕೂವರೆ ಶತಮಾನಗಳ ಅಂತರವನ್ನು ಯಾರು ದಾಟಬಲ್ಲರು?

ಎರಡನೆಯ ಬಗೆಯ ನಷ್ಟ ನಮಗೆ ಇನ್ನೂ ಹತ್ತಿರದ್ದು. ಹೊಸಪೇಟೆಯಿಂದ ಗದಗು, ಹುಬ್ಬಳ್ಳಿಗಳ ಕಡೆಗೆ ಹೋಗುವ ರೈಲುದಾರಿಯ ಆಸುಪಾಸಿನ ಊರುಗಳಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಾಡಿದ ಮಹಾನುಭಾವರನ್ನು ನೆನೆದರೆ ಯಾರಿಗಾದರೂ ತಾವು ಸ್ವಲ್ಪ ಮೊದಲೇ ಹುಟ್ಟಬಾರದಾಗಿತ್ತೆ ಎನ್ನಿಸದೆ ಇರದು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನ್ ಸಾಹೇಬರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ತಂಗಿ ರಾಮಭಾವು ಕುಂದಗೋಳಕರರಿಗೆ ವಿದ್ಯೆಯನ್ನು ಧಾರೆಯೆರೆದರು. ಆ ಶಿಷ್ಯರೇ ಸವಾಯಿ ಗಂಧರ್ವರೆಂದು ಪ್ರಸಿದ್ಧರಾಗಿ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂತಹ ಶಿಷ್ಯರನ್ನು ನಾಡಿಗೆ ಕೊಟ್ಟು, 1952ರಲ್ಲಿ ದಿವಂಗತರಾದರು. ಗದುಗಿನ ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರಾಗಿದ್ದೂ ಹಿಂದೂಸ್ತಾನಿ, ಕರ್ನಾಟಕಗಳೆರಡನ್ನೂ ಕರಗತಮಾಡಿಕೊಂಡು, ಊರೂರಿಗೆ ಸಂಗೀತಶಾಲೆಯನ್ನೇ ಜೊತೆಗೆ ಕರೆದೊಯ್ಯುತ್ತ, ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ಉಣಬಡಿಸಿ 1944ರಲ್ಲಿ ಲಿಂಗೈಕ್ಯರಾದರು. ಇವರನ್ನು ಎದುರು ಕುಳಿತು ಕೇಳಿದ ಪುಣ್ಯವಂತರ ಪೀಳಿಗೆಯೇ ಈಗ ಮುಗಿದಿದೆ. ಖಾನ್ ಸಾಹೇಬರ ಕಂಠ ತಟ್ಟೆಗಳಲ್ಲಿ ಉಳಿದಿದೆಯಾದರೂ, ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷಗಳ ಗಾನ ಮಾತ್ರ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಿದ್ದ ಗಾಯಕನು ಮೂರು ನಿಮಿಷದೊಳಗೆ ಅದನ್ನು ಮುಗಿಸಬೇಕಾಗಿ ಬಂದಾಗ ಉಳಿಯುವುದು ಅವನ ಕಂಠದ ಪರಿಚಯವಷ್ಟೇ; ಅವನ ವಿಚಾರದ ನಡೆ, ಮಂದ್ರದಲ್ಲಿ ಅವನು ತಳೆಯುತ್ತಿದ್ದ ಸಾವಧಾನ, ಸಭೆಯ ಮುಖವನ್ನು ನೋಡಿ ಅವನು ಬದಲಿಸುತ್ತಿದ್ದ ದಾರಿ, ಇವು ತಟ್ಟೆಗೆ ಸಿಕ್ಕುವ ವಸ್ತುಗಳಲ್ಲ. ಆದರೂ ಇಷ್ಟಾದರೂ ಉಳಿಯಿತಲ್ಲಾ ಎಂದು ನಾವು ಕೃತಜ್ಞರಾಗಿರಬೇಕು. ಅದೇ ಗದುಗಿನಲ್ಲಿ ಬಾಲಕನೊಬ್ಬನು ಖಾನ್ ಸಾಹೇಬರ ಅಂತಹ ತಟ್ಟೆಯೊಂದನ್ನು ಕೇಳಿಯೇ ಗುರುವನ್ನರಸಿ ಮನೆ ಬಿಟ್ಟು ಹೋಗಿ ಭೀಮಸೇನ ಜೋಶಿಯಾದನು.

ಇಷ್ಟು ಪೀಠಿಕೆಯಾದ ಮೇಲೆ ನನ್ನ ಮನಸ್ಸಿನಲ್ಲಿ ನಿಜವಾಗಿ ನಾಟಿಕೊಂಡಿರುವ ವ್ಯಥೆಯ ಮಾತಿಗೆ ಬರುತ್ತೇನೆ. ಅದು ಕಾಲದ ಅಂತರದಿಂದ ಬಂದುದಲ್ಲ. ನಮ್ಮ ಕಾಲದಲ್ಲಿಯೇ, ನಮ್ಮ ಮಗ್ಗುಲಿನಲ್ಲಿಯೇ ಹಾಡಿದ ಹೆಣ್ಣುಮಗಳೊಬ್ಬರನ್ನು ಕುರಿತದ್ದು.

ಸಂಡೂರು ತಾಲ್ಲೂಕಿನ ದರೋಜಿಯೆಂದರೆ ಈಗಿನವರಿಗೆ ಕರಡಿಧಾಮ ನೆನಪಾಗುತ್ತದೆ, ಹಿಂದಿನವರಿಗೆ ಅಲ್ಲಿಯ ದೊಡ್ಡ ಕೆರೆ. ಆ ದರೋಜಿಯ ಬುರ್ರಕಥಾ ಈರಮ್ಮನವರು ಬುಡ್ಗಜಂಗಮರೆಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಅಕ್ಷರದ ಗಂಧವಿಲ್ಲದೆ ಬೆಳೆದು, ಎಳೆಯ ವಯಸ್ಸಿನಲ್ಲಿಯೇ ತಂದೆಯ ಬಾಯಿಂದ ಕಥೆಗಳನ್ನು ಕಲಿತು, ಊರೂರಲೆದು ಹಾಡುತ್ತ ಜೀವನ ಸಾಗಿಸಿ, ಎಂಬತ್ತನ್ನು ದಾಟಿದ ಮೇಲೆ 2014ರ ಆಗಸ್ಟ್ ತಿಂಗಳಿನಲ್ಲಿ ತೀರಿಕೊಂಡರು. ಅವರ ಕಂಠದಲ್ಲಿದ್ದುದು ಹತ್ತಕ್ಕೂ ಮಿಕ್ಕ ಮಹಾಕಾವ್ಯಗಳು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮುಂತಾದ ಆ ಕಥೆಗಳ ಸಾಲುಗಳು ಸುಮಾರು ಎರಡು ಲಕ್ಷವೆಂದು ಗಣಿಸಲಾಗಿದೆ. ಮಹಾಭಾರತದ ಶ್ಲೋಕಗಳನ್ನು ಲಕ್ಷವೆಂದು ಹೇಳಿ ಹೆಮ್ಮೆಪಡುವ ದೇಶದಲ್ಲಿ, ಓದು ಬರಹ ಬಾರದ ಒಬ್ಬ ತಾಯಿ ಅಷ್ಟನ್ನು ನಾಲಗೆಯ ಮೇಲೆ ಹೊತ್ತು ನಮ್ಮ ಹಳ್ಳಿಗಳ ಅಗಸೆಬಾಗಿಲಿನಲ್ಲಿ ನಿಂತಿದ್ದರು. ರಾಜ್ಯೋತ್ಸವ ಪ್ರಶಸ್ತಿ ಅವರಿಗೆ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವವನ್ನಿತ್ತು, ಅವರ ಬಾಯಿಂದ ಕಾವ್ಯಗಳನ್ನು ಬರೆಸಿಕೊಂಡು ಅಚ್ಚು ಮಾಡಿಸಿತು. ಇಷ್ಟೆಲ್ಲ ನನ್ನ ಜೀವಮಾನದಲ್ಲಿಯೇ ನಡೆಯಿತು. ಆದರೂ ಅವರು ಹಾಡುವಾಗ ಎದುರು ಕುಳಿತು ಕೇಳುವ ಯೋಗ ನನಗೆ ಬರಲಿಲ್ಲ. ನನ್ನ ಕೈಗೆ ಬಂದುದು ಪುಸ್ತಕ.

ಪುಸ್ತಕವನ್ನು ಓದುವುದು ಒಂದು, ಬುರ್ರಕಥೆಯನ್ನು ಕೇಳುವುದು ಮತ್ತೊಂದು. ಮೇಳದಲ್ಲಿ ಸಾಮಾನ್ಯವಾಗಿ ಮೂವರು. ನಡುವೆ ನಿಂತ ಮುಖ್ಯ ಗಾಯಕರ ಹೆಗಲಿಗೆ ತಂಬೂರಿ, ಬೆರಳಿನಲ್ಲಿ ತಾಳವಿಕ್ಕುವ ಲೋಹದ ಬಳೆ. ಎರಡು ಪಕ್ಕಗಳಲ್ಲಿ ಚರ್ಮವಾದ್ಯವನ್ನು ನುಡಿಸುವ ಹಿಮ್ಮೇಳದವರು. ಮುಖ್ಯ ಗಾಯಕರು ಒಂದು ಸಾಲನ್ನು ಎತ್ತಿಕೊಟ್ಟರೆ ಪಕ್ಕದವರು ಅದರ ತುದಿಯನ್ನು ಹಿಡಿದು ಬೆಳೆಸುತ್ತಾರೆ, ನಡುನಡುವೆ ಹೂಂಗುಡುತ್ತಾರೆ, ಕೇಳುವವರ ಪರವಾಗಿ ತಾವೇ ಪ್ರಶ್ನೆ ಹಾಕುತ್ತಾರೆ. ಹಾಡು ನಿಂತು ಮಾತಾಗುತ್ತದೆ, ಮಾತು ಏರುತ್ತ ಏರುತ್ತ ಮತ್ತೆ ಹಾಡಿಗೆ ಸೇರುತ್ತದೆ. ಕಥೆಯ ಯಾವ ಭಾಗವನ್ನು ಹಿಗ್ಗಿಸಬೇಕು, ಯಾವುದನ್ನು ಕುಗ್ಗಿಸಬೇಕು ಎಂಬುದು ಆ ರಾತ್ರಿ ನೆರೆದ ಜನರ ಮುಖವನ್ನು ನೋಡಿ ನಿರ್ಣಯವಾಗುತ್ತದೆ. ಮಕ್ಕಳು ನಿದ್ದೆಹೋದ ಮೇಲೆ ಬರುವ ಕರುಣ ಬೇರೆ, ಅವರು ಎಚ್ಚರವಿರುವಾಗ ಬರುವ ಯುದ್ಧ ಬೇರೆ. ಅಚ್ಚಿನ ಪುಟದಲ್ಲಿ ಪುನರುಕ್ತಿಯಾಗಿ ಕಾಣುವ ಸಾಲು ಕಂಠದಲ್ಲಿ ಮುಂದಿನ ಸಾಲನ್ನು ನೆನೆಯುವುದಕ್ಕೆ ಗಾಯಕಿಗೆ ದೊರೆತ ಆಸರೆಯಾಗಿರುತ್ತದೆ, ಕೇಳುವವನಿಗೆ ದುಃಖದಲ್ಲಿ ಇನ್ನಷ್ಟು ಹೊತ್ತು ನಿಲ್ಲಲು ಸಿಕ್ಕ ಅವಕಾಶವಾಗಿರುತ್ತದೆ.

ಅದರಲ್ಲಿಯೂ ಕುಮಾರರಾಮನ ಕಥೆಯನ್ನು ಅವರಿಂದ ಕೇಳಲಿಲ್ಲವೆಂಬುದೇ ನನ್ನ ಕೊರಗು. ಇದು ದೂರದ ಅಯೋಧ್ಯೆಯ ಕಥೆಯಲ್ಲ. ಕಂಪಿಲರಾಯನು ಆಳಿದ ನೆಲ ನಮ್ಮ ಕಂಪ್ಲಿಯ ಸೀಮೆ. ಅವನ ಮಗನಾದ ಗಂಡುಗಲಿ ಕುಮಾರರಾಮನು ಹೋರಾಡಿದ ಕುಮ್ಮಟದುರ್ಗ ಹೊಳೆಯಾಚೆಯ ಗಂಗಾವತಿಯ ಮಗ್ಗುಲಿನಲ್ಲಿದೆ. ಮಹಮ್ಮದ್ ಬಿನ್ ತುಘಲಕನ ಸೈನ್ಯದ ಮುಂದೆ ಆ ಪುಟ್ಟ ರಾಜ್ಯ 1327ರ ಸುಮಾರಿಗೆ ಬಿದ್ದಿತು, ಕೆಲವೇ ವರ್ಷಗಳಲ್ಲಿ ಅದೇ ನದಿಯ ದಂಡೆಯಲ್ಲಿ ವಿಜಯನಗರ ಎದ್ದಿತು. ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದುದು, ಅವಳ ಮೋಹವನ್ನು ರಾಮನು ನಿರಾಕರಿಸಿದುದು, ಅವಳ ದೂರನ್ನು ನಂಬಿದ ತಂದೆ ಮಗನ ತಲೆಯನ್ನು ತರಿಸಹೇಳಿದುದು, ಮಂತ್ರಿ ಬೈಚಪ್ಪನು ಅವನನ್ನು ಬಚ್ಚಿಟ್ಟು ಕಾಪಾಡಿದುದು, ಕಡೆಗೆ ಶತ್ರು ಬಾಗಿಲಿಗೆ ಬಂದಾಗ ಸತ್ತನೆನ್ನಿಸಿಕೊಂಡವನೇ ಎದ್ದು ಬಂದು ತಂದೆಯ ರಾಜ್ಯಕ್ಕಾಗಿ ಕಾದಿ ಮಡಿದುದು, ಇವೆಲ್ಲವನ್ನು ನಂಜುಂಡಕವಿಯೂ ಪಾಂಚಾಳಗಂಗನೂ ಸಾಂಗತ್ಯದಲ್ಲಿ ಹಾಡಿದ್ದಾರೆ. ಆ ಕಾವ್ಯಗಳನ್ನು ನಾವು ಎಲ್ಲಿ ಕುಳಿತಾದರೂ ಓದಬಹುದು. ಆದರೆ ರಾಮನು ಓಡಾಡಿದ ಗುಡ್ಡಗಳ ನೆರಳಿನಲ್ಲಿಯೇ ಹುಟ್ಟಿದ ಹೆಣ್ಣುಮಗಳು, ಆ ಗುಡ್ಡಗಳನ್ನು ದಿನವೂ ಕಾಣುವ ರೈತರ ಎದುರಿನಲ್ಲಿ, ತಂದೆಯ ಮಾತಿಗೆ ಸಿಕ್ಕಿದ ನಿರಪರಾಧಿಯಾದ ಮಗನ ಗೋಳನ್ನು ಹಾಡುವುದೆಂದರೆ, ಅಲ್ಲಿ ಗಾಯಕಿ, ಕಥೆ, ಕೇಳುವವರು, ನೆಲ, ಈ ನಾಲ್ಕೂ ಒಂದೇ ಆಗಿಬಿಡುತ್ತವೆ. ಸಂಗೀತದಲ್ಲಿ ಇಂತಹ ಸಾಮರಸ್ಯ ಅತಿ ವಿರಳ. ಎಂತಹ ಶ್ರೇಷ್ಠ ವಿದ್ವಾಂಸನ ಕಛೇರಿಗೂ ಅದು ಸಿಕ್ಕುವುದಿಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. 2021ರಲ್ಲಿ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಗೆ ಸೇರಿ ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಆಡಳಿತಕ್ಕೆ ಆ ಗೆರೆ ಬೇಕಾಗಿರಬಹುದು, ಆದರೆ ಈರಮ್ಮನವರ ಕಥೆ ಈ ನಾಲ್ಕೂ ಊರುಗಳನ್ನು ಒಂದೇ ನಾಡೆಂದು ತಿಳಿದಿತ್ತು.

ವಿಶ್ವವಿದ್ಯಾಲಯದ ಕಾರ್ಯವನ್ನು ಕುಂದಿಸಿ ನಾನು ಈ ಮಾತನ್ನು ಆಡುತ್ತಿಲ್ಲ. ಅಲ್ಲಿಯವರು ಬರೆದುಕೊಳ್ಳದಿದ್ದರೆ ಆ ಮಾತುಗಳೂ ಈರಮ್ಮನವರೊಡನೆಯೇ ಹೋಗುತ್ತಿದ್ದವು. ಆ ಸಂಗ್ರಾಹಕರ ಋಣ ಕನ್ನಡದ ಮೇಲಿದೆ. ಬರಹಕ್ಕೆ ಸಾಧ್ಯವಾದುದನ್ನು ಬರಹ ಮಾಡಿತು. ಬರಹಕ್ಕೆ ಸಾಧ್ಯವಾಗದ ಭಾಗವನ್ನು ಉಳಿಸಿಕೊಳ್ಳಬೇಕಾದವರು ಕೇಳುಗರು, ಅಂದರೆ ನಾವು. ನಮ್ಮ ಸೀಮೆಯ ದೊಡ್ಡಾಟಕ್ಕೂ ಈ ಮಾತು ಸಲ್ಲುತ್ತದೆ. ಬಳ್ಳಾರಿಯ ರಂಗಕಲಾವಿದೆ ಸುಭದ್ರಮ್ಮ ಮನ್ಸೂರರು 2020ರಲ್ಲಿ ನಮ್ಮನ್ನಗಲಿದಾಗ ಅವರೊಡನೆ ಹೋದ ರಂಗಗೀತೆಗೂ ಸಲ್ಲುತ್ತದೆ. ರಂಗದ ಮೇಲೆ ಪಾತ್ರದ ಸಂಕಟ ಮಾತಿನಲ್ಲಿ ಹಿಡಿಯದಷ್ಟಾದಾಗ ಹುಟ್ಟಬೇಕಾದ ಹಾಡನ್ನು, ಪಾತ್ರವಿಲ್ಲದೆ, ಪ್ರಸಂಗವಿಲ್ಲದೆ, ಸಮಾರಂಭದ ಆರಂಭಕ್ಕೆ ಒಂದು ಪ್ರಾರ್ಥನೆಯೋ ಎಂಬಂತೆ ಹಾಡಿಸುವುದು ನಮಗೆ ರೂಢಿಯಾಗಿದೆ.

ಈಗ ನಮ್ಮ ಉತ್ಸವಗಳಲ್ಲಿ ಜನಪದ ಗಾಯಕರಿಗೆ ವೇದಿಕೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ವೇದಿಕೆಯಿದೆ, ದೀಪವಿದೆ, ಶಾಲು ಹಾರಗಳಿವೆ, ಆದರೆ ಕಾಲಾವಧಿಯಿಲ್ಲ. ಇರುಳಿಡೀ ಹಾಡುವ ಕಥೆಗೆ ಹದಿನೈದು ನಿಮಿಷವನ್ನು ಗೊತ್ತುಮಾಡಿ, ಮುಂದಿನ ತಂಡ ಕಾದಿದೆಯೆಂದು ಅವಸರಪಡಿಸಿ, ರಾಮನು ಚೆಂಡು ಎತ್ತಿಕೊಳ್ಳುವುದರೊಳಗೆ ಮಂಗಳ ಹಾಡಿಸುತ್ತೇವೆ. ಗ್ರಾಮಫೋನ್ ತಟ್ಟೆಗೆ ಮೂರು ನಿಮಿಷದ ಮಿತಿಯನ್ನು ವಿಧಿಸಿದುದು ಯಂತ್ರ. ಅದಕ್ಕೆ ಬೇರೆ ದಾರಿಯಿರಲಿಲ್ಲ. ಈ ಹದಿನೈದು ನಿಮಿಷವನ್ನು ವಿಧಿಸಿದವರು ಮನುಷ್ಯರು. ಹೀಗೆ ಕೇಳಿದವರು ತಾವು ಬುರ್ರಕಥೆಯನ್ನು ಕೇಳಿದೆವೆಂದು ತಿಳಿದು ಮನೆಗೆ ಹೋಗುತ್ತಾರೆ. ಕೇಳಲಿಲ್ಲವೆಂಬ ಅರಿವೂ ಅವರಿಗೆ ಉಳಿಯದಂತಾಗುವುದೇ ನನಗೆ ಹೆಚ್ಚಿನ ಅನರ್ಥವಾಗಿ ಕಾಣುತ್ತದೆ.

ಆದುದರಿಂದ ಈ ಸಂಘದ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ವರ್ಷದ ಉಪನ್ಯಾಸಮಾಲೆಯಲ್ಲಿ ಒಂದು ಉಪನ್ಯಾಸವನ್ನು ಬಿಟ್ಟು, ಅದು ನನ್ನದೇ ಆದರೂ ಆಗಲಿ, ಆ ದಿನದ ವೆಚ್ಚವನ್ನು ಬುರ್ರಕಥೆಯ ಒಂದು ಮೇಳಕ್ಕೆ ಕೊಟ್ಟು, ಕುಮಾರರಾಮನ ಕಥೆಯನ್ನು ಕಂಪ್ಲಿಯಲ್ಲಿಯೋ ದರೋಜಿಯಲ್ಲಿಯೋ ಸಂಜೆಯಿಂದ ಬೆಳಗಿನವರೆಗೆ ತಡೆಯಿಲ್ಲದೆ ಹಾಡಿಸಿರಿ. ಕಥೆ ಮುಗಿಯುವವರೆಗೆ ಭಾಷಣ ಬೇಡ, ಸನ್ಮಾನ ಬೇಡ, ಗಡಿಯಾರವೂ ಬೇಡ. ತಾವೆಲ್ಲರೂ ಮನೆಯ ಮಕ್ಕಳನ್ನು ಕರೆದುಕೊಂಡು, ಹಾಸಿಕೊಳ್ಳಲು ಜಮಖಾನ, ಹೊದೆಯಲು ಕಂಬಳಿಗಳೊಡನೆ ಬನ್ನಿರಿ.