ಪಕ್ಕದ ಎಲೆಯವರು ಯಾರು? ಹೋಟೆಲ್ ತಿಂಡಿಯ ಒಂದು ಶತಮಾನ



‘ಹೋಟೆಲ್’ ಇಂಗ್ಲಿಷಿನಿಂದ ಬಂದ ಪದ. ಆದರೆ ಕನ್ನಡಿಗರು ಅದಕ್ಕೆ ತಮ್ಮದೇ ಆದ ಅರ್ಥ ಕೊಟ್ಟುಕೊಂಡಿದ್ದಾರೆ. ಇಂಗ್ಲಿಷಿನವರಿಗೆ ಅದು ರಾತ್ರಿ ತಂಗುವ ಜಾಗ. ಕನ್ನಡದವರಿಗೆ ತಿಂಡಿ ತಿನ್ನುವ ಜಾಗ. ಮಲಗುವುದಕ್ಕೆ ಮಂಚವಿರಲಿ, ಕೂರುವುದಕ್ಕೆ ನೆಟ್ಟಗೆ ಒಂದು ಬೆಂಚೂ ಇಲ್ಲದ ಅಂಗಡಿಗೂ ಹಳ್ಳಿಗಳಲ್ಲಿ ಹೋಟೆಲ್ ಎಂದೇ ಹೆಸರು. ತಗಡಿನ ಮಾಡು, ಒಂದು ಸ್ಟೌ, ಗಾಜಿನ ಭರಣಿಯಲ್ಲಿ ನಾಲ್ಕು ಬನ್ನು ಇದ್ದರೆ ಹೋಟೆಲ್ ಆಯಿತು. ಮನೆಯ ಹೊರಗೆ, ಹಣ ಕೊಟ್ಟು, ಬೇರೆಯವರು ಬೇಯಿಸಿದ್ದನ್ನು ತಿನ್ನುವ ಜಾಗ ಎಂಬುದಷ್ಟೇ ಅದರ ಲಕ್ಷಣ. ಈಗ ಸರಳವಾಗಿ ಕೇಳಿಸುವ ಈ ಮೂರು ಮಾತುಗಳೂ ನೂರು ವರ್ಷದ ಹಿಂದೆ ಸರಳವಾಗಿರಲಿಲ್ಲ.

ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಸಂಜೆ ಆರು ಗಂಟೆಗೆ ಕಾಣುವ ನೋಟ ಎಲ್ಲರಿಗೂ ಗೊತ್ತಿರುವಂಥದ್ದೇ. ಗಲ್ಲಾದ ಮುಂದೆ ಸಾಲು. ಟೋಕನ್ ಪಡೆದು ಕೌಂಟರಿನಲ್ಲಿ ಕೊಟ್ಟರೆ ಕಾವಲಿಯಿಂದ ಆಗತಾನೆ ಎದ್ದ ದೋಸೆ ತಟ್ಟೆಗೆ ಬೀಳುತ್ತದೆ. ಎದೆಮಟ್ಟದ ದುಂಡು ಮೇಜಿನ ಸುತ್ತ ನಾಲ್ವರು ನಿಂತಿರುತ್ತಾರೆ. ಬ್ಯಾಂಕಿನಿಂದ ಹೊರಟ ಗುಮಾಸ್ತರು, ಆಟೋ ನಿಲ್ಲಿಸಿ ಬಂದ ಚಾಲಕ, ಬೆನ್ನಿಗೆ ಚೀಲ ಹಾಕಿಕೊಂಡ ಕಾಲೇಜು ಹುಡುಗಿ, ಮೊಮ್ಮಗನಿಗೆ ಕೇಸರಿಬಾತ್ ಕೊಡಿಸಲು ಬಂದ ಅಜ್ಜ. ಯಾರಿಗೆ ಯಾರ ಪರಿಚಯವೂ ಇಲ್ಲ. ‘ಸ್ವಲ್ಪ ಸರಿಯಿರಿ’ ಎಂಬ ಮಾತು ಬಿಟ್ಟರೆ ಬೇರೆ ಮಾತೂ ಇಲ್ಲ. ‘ತಾವು ಯಾವ ಪೈಕಿ?’ ಎಂದು ಕೇಳುವ ಪುರುಸೊತ್ತಂತೂ ಇಲ್ಲವೇ ಇಲ್ಲ.

ಈ ಕೇಳದಿರುವಿಕೆಗೆ ಒಂದು ಚರಿತ್ರೆ ಇದೆ.

ಹಿಂದಿನ ಕಾಲದ ಪ್ರಯಾಣಿಕ ಮನೆ ಬಿಡುವಾಗ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ. ಬುತ್ತಿ ತೀರಿದರೆ ತನ್ನವರ ಛತ್ರ ಹುಡುಕಬೇಕು, ಇಲ್ಲವೇ ಅಕ್ಕಿ ಬೇಳೆ ಕೊಂಡು ಮೂರು ಕಲ್ಲಿಟ್ಟು ತಾನೇ ಬೇಯಿಸಿಕೊಳ್ಳಬೇಕು. ಅನ್ನ ಮತ್ತು ನೀರು ಯಾರ ಕೈಯಿಂದ ಬಂದವು ಎಂಬುದರ ಮೇಲೆ ಅವನ ಕುಲ ನಿಂತಿತ್ತು. ಅನ್ನವನ್ನು ಮಾರುವುದು ಪಾಪವೆಂಬ ನಂಬಿಕೆಯೂ ಬಲವಾಗಿತ್ತು. ದಾನ ಮಾಡಬಹುದು, ಮಾರಬಾರದು. ಹೀಗಿದ್ದ ಸಮಾಜದಲ್ಲಿ ಹೋಟೆಲ್ ಹುಟ್ಟಬೇಕಾದರೆ ಒಂದು ರಾಜಿ ಆಗಲೇಬೇಕಿತ್ತು. ಆ ರಾಜಿಯೇ ಬ್ರಾಹ್ಮಣ ಅಡುಗೆಯವನು. ಬ್ರಾಹ್ಮಣ ಬೇಯಿಸಿದ್ದನ್ನು ಎಲ್ಲ ಜಾತಿಯವರೂ ತಿನ್ನಬಹುದಿತ್ತು. ಹಾಗಾಗಿ ಮೇಲಿನವನೇ ಎಲ್ಲರಿಗೂ ಬಡಿಸುವವನಾದ. ಅಷ್ಟಮಠಗಳ ಊರಾದ ಉಡುಪಿಯಲ್ಲಿ ನೂರಾರು ಜನರಿಗೆ ಅಡುಗೆ ಮಾಡುವ ವಿದ್ಯೆ ಕೈಯಲ್ಲಿತ್ತು, ಮನೆಯಲ್ಲಿ ಬಡತನವಿತ್ತು. ಅಲ್ಲಿಂದ ಹೊರಟವರು ಬೆಂಗಳೂರು, ಮೈಸೂರು, ಮದರಾಸು, ಮುಂಬೈ ಸೇರಿದರು.

ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಒಂದು ಪುಟ್ಟ ಹೋಟೆಲ್ ತೆರೆದರು. ಅದಕ್ಕಿಟ್ಟ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಇಂದಿನ ಎಂ.ಟಿ.ಆರ್. ಅದೇ. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಅದು ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು. ಈ ಬದಲಾವಣೆಯನ್ನು ಯಾರೂ ಚಳವಳಿ ಎಂದು ಕರೆಯಲಿಲ್ಲ. ಆದರೂ ಮೂವತ್ತಾರು ವರ್ಷಗಳಲ್ಲಿ ಗಿರಾಕಿ ಏನನ್ನು ನೋಡಿ ಒಳಗೆ ಬರುತ್ತಾನೆ ಎಂಬುದು ಬದಲಾಗಿತ್ತು ಎನ್ನುವುದಕ್ಕೆ ಫಲಕವೇ ಸಾಕ್ಷಿ. ರುಚಿಗೆ ಜಾತಿಯ ಜಾಮೀನು ಬೇಕಿರಲಿಲ್ಲ.

ಆ ಕಾಲದಲ್ಲಿ ‘ಬ್ರಾಹ್ಮಣರ ಹೋಟೆಲ್’ ಎಂದರೆ ಎರಡು ಅರ್ಥ. ಬೇಯಿಸುವವರು ಬ್ರಾಹ್ಮಣರು ಎಂಬುದು ಒಂದು. ಕೂರುವ ಜಾಗದಲ್ಲೂ ವಿಂಗಡಣೆ ಇದೆ ಎಂಬುದು ಇನ್ನೊಂದು. ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಕೋಣೆ, ಉಳಿದವರಿಗೆ ಹೊರಗಿನ ಪಡಸಾಲೆ. ಹೊಲೆಯ ಮಾದಿಗರೆಂದು ಕರೆಸಿಕೊಂಡವರಿಗೆ ಪಡಸಾಲೆಯೂ ಇಲ್ಲ. ಬೀದಿಯಲ್ಲಿ ನಿಂತು ಕೈಯೊಡ್ಡಬೇಕು, ಮೇಲಿನಿಂದ ಸುರಿಯುತ್ತಾರೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ಮೇಳಿಗೆ ಜಾತ್ರೆಯ ಕಾಫಿ ಹೋಟೆಲ್ ನೆನಪಿರಬಹುದು. ಸೂತಕದಲ್ಲಿರುವ ಪ್ರಾಣೇಶಾಚಾರ್ಯರನ್ನು ಪುಟ್ಟ ಕಾಫಿ ಕುಡಿಸಲು ಕರೆದೊಯ್ಯುತ್ತಾನೆ. ಪುಟ್ಟನಿಗೆ ಅದು ಬರೀ ಕಾಫಿ. ಆಚಾರ್ಯರಿಗೆ ಪ್ರಪಂಚವೇ ಅಲ್ಲಾಡುವ ಸಂಗತಿ. ಹೋಟೆಲಿನ ಹೊಸ್ತಿಲು ಎಷ್ಟು ಎತ್ತರವಿತ್ತು ಎಂಬುದು ಅಲ್ಲಿ ಗೊತ್ತಾಗುತ್ತದೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೆಯ ಭಾಗದಲ್ಲಿ ಹೋಟೆಲಿನ ಹೆಸರಿದೆ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಸ್ಥಳ ಇವುಗಳ ಪ್ರವೇಶಕ್ಕೆ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮಾತ್ರವೇ ಕಾರಣವಾಗಿ ಯಾವ ಪ್ರಜೆಗೂ ಅಡ್ಡಿ ಇರಕೂಡದು ಎಂಬುದು ಅದರ ತಾತ್ಪರ್ಯ. ದೇಶವೊಂದರ ಮೂಲ ಕಾನೂನಿನಲ್ಲಿ ಇಡ್ಲಿ ಕಾಫಿಯ ಜಾಗಕ್ಕೆ ಸ್ಥಾನ ಸಿಕ್ಕಿದ್ದು ಆಕಸ್ಮಿಕವಲ್ಲ. ಕೆರೆ, ಬಾವಿ, ಗುಡಿಯಂತೆ ಹೋಟೆಲೂ ಅವಮಾನದ ಜಾಗವಾಗಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಜನರ ಬಳಕೆಗಿಟ್ಟ ಪಾತ್ರೆಗಳನ್ನು ಮುಟ್ಟಲು ಬಿಡದಿರುವುದೂ ಶಿಕ್ಷಾರ್ಹ ಎಂದಿತು. ಲೋಟದ ರಾಜಕೀಯ ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಕಾನೂನು ಬಂದ ಮಾತ್ರಕ್ಕೆ ಫಲಕ ಇಳಿಯಲಿಲ್ಲ. 1957ರಲ್ಲಿ ಮದರಾಸಿನ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಫಲಕದಲ್ಲಿದ್ದ ‘ಬ್ರಾಹ್ಮಣ’ ಪದವನ್ನು ತೆಗೆಸಲು ಪೆರಿಯಾರ್ ಅವರ ಅನುಯಾಯಿಗಳು ಹೋಟೆಲಿನ ಮುಂದೆ ಪಿಕೆಟಿಂಗ್ ನಡೆಸಬೇಕಾಯಿತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯವರಿಗೆ ಹಳ್ಳಿಯ ಹೋಟೆಲ್ ಪ್ರವೇಶವೂ ಹೋರಾಟದ ವಿಷಯವಾಯಿತು.

ಇದೇ ಹೊತ್ತಿನಲ್ಲಿ ಇನ್ನೊಂದು ಸಾಲು ಹೋಟೆಲುಗಳನ್ನು ಮರೆಯಬಾರದು. ಮುದ್ದೆ, ಮಾಂಸದ ಸಾರು ಕೊಡುವ ಮಿಲಿಟರಿ ಹೋಟೆಲುಗಳು, ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬಡಿಯುವ ಖಾನಾವಳಿಗಳು. ಪತ್ರಿಕೆಗಳಲ್ಲಿ ‘ಹಳೆಯ ಹೋಟೆಲುಗಳ ವೈಭವ’ ಎಂದು ಬರೆಯುವವರು ದೋಸೆಯ ಹೋಟೆಲುಗಳನ್ನೇ ಹೆಸರಿಸಿ ಮುಗಿಸುತ್ತಾರೆ. ರಸ್ತೆಯ ಮುಂಭಾಗ ಒಂದು ರುಚಿಗೆ, ಹಿಂದಿನ ಗಲ್ಲಿ ಇನ್ನೊಂದು ರುಚಿಗೆ ಎಂದು ನಗರ ಹಂಚಿಕೊಂಡಿದ್ದೂ ಇದೇ ಚರಿತ್ರೆಯ ಭಾಗ.

ಇನ್ನು ಹೆಂಗಸರು. ಹಳೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಂ’ ಎಂಬ ಫಲಕವಿರುತ್ತಿತ್ತು. ಮರದ ಅಡ್ಡಗೋಡೆ, ಮಾಸಿದ ಪರದೆ, ತಿರುಗದ ಫ್ಯಾನು. ಹೆಂಗಸು ಹೋಟೆಲಿಗೆ ಬರಬಹುದು, ಆದರೆ ಸಂಸಾರ ಸಮೇತ ಬರಬೇಕು, ಬಂದವಳು ಕಾಣಬಾರದು. ಒಬ್ಬಳೇ ಹೆಂಗಸು ಒಂದು ಮಸಾಲೆ ದೋಸೆ ತಿನ್ನಬೇಕೆಂದರೆ ಎಲ್ಲಿ ಕೂರಬೇಕು ಎಂಬುದಕ್ಕೆ ಆ ಏರ್ಪಾಟಿನಲ್ಲಿ ಉತ್ತರವೇ ಇರಲಿಲ್ಲ. ಸಂವಿಧಾನದ ಆ ವಿಧಿಯಲ್ಲಿ ಜಾತಿಯ ಜೊತೆಗೆ ಲಿಂಗದ ಮಾತೂ ಇದೆ ಎಂಬುದು ಹೋಟೆಲ್ ಮಾಲೀಕರಿಗೆ ಬಹಳ ಕಾಲ ಹೊಳೆದಂತಿಲ್ಲ.

1957ರಲ್ಲಿ ಇನ್ನೊಂದು ಬಗೆಯ ಪ್ರಯೋಗವೂ ನಡೆಯಿತು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ, ಸಹಕಾರ ಸಂಘ ಕಟ್ಟಿಕೊಂಡರು. ಇಂಥ ಮೊದಲ ಸಂಘ ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಬಡಿಸುವವರೇ ಮಾಲೀಕರು. ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ ಒಂದು ಲೋಟ ಕಾಫಿಯ ಮುಂದೆ ಗಂಟೆಗಟ್ಟಲೆ ಕೂತು ಹರಟಿದವರನ್ನು ಪೇಟದ ಮಾಣಿಗಳು ಎಬ್ಬಿಸುತ್ತಿರಲಿಲ್ಲ. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಯಿತು.

ಮಾಣಿ ಎಂದಾಗ ಕಥೆಯ ಕಹಿ ಭಾಗ ಬರುತ್ತದೆ. ಕರಾವಳಿಯ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ‘ಹೋಟೆಲ್ ಸೇರಿದ’ ಎಂಬ ಮಾತಿನೊಂದಿಗೆ ಬಸ್ಸು ಹತ್ತುತ್ತಿದ್ದರು. ಮೊದಲು ಲೋಟ ತೊಳೆಯುವ ಕೆಲಸ, ಆಮೇಲೆ ಮೇಜು ಒರೆಸುವ ಕ್ಲೀನರ್, ಬಳಿಕ ಸಪ್ಲೈಯರ್, ಅದೃಷ್ಟವಿದ್ದರೆ ಗಲ್ಲಾ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು, ಮುಂಬೈ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮನಾಯಕರು ಇಬ್ಬರೂ ಎಳೆವಯಸ್ಸಿನಲ್ಲಿ ಪರರ ಅಡುಗೆಮನೆಯಲ್ಲಿ ದುಡಿದವರು. ಸಭೆ ಸಮಾರಂಭಗಳಲ್ಲಿ ಈ ಮಾತನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಗಲ್ಲಾ ತಲುಪಿದ ಒಬ್ಬನ ಹಿಂದೆ ಲೋಟ ತೊಳೆಯುವುದರಲ್ಲೇ ಉಳಿದವರು ಎಷ್ಟು ಮಂದಿ ಎಂದು ಲೆಕ್ಕ ಇಟ್ಟವರಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಸಂವಿಧಾನ ಗಿರಾಕಿಗೆ ಬಾಗಿಲು ತೆರೆದು ಐವತ್ತಾರು ವರ್ಷ ಕಳೆದ ಮೇಲೆ.

ಬೆಲೆಯ ಮಾತನ್ನೂ ಆಡಬೇಕು. ಜನ ಚಿನ್ನದ ದರ ಏರಿದರೆ ನಿಟ್ಟುಸಿರು ಬಿಡುತ್ತಾರೆ, ಇಡ್ಲಿಯ ದರ ಏರಿದರೆ ಜಗಳಕ್ಕೆ ನಿಲ್ಲುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿತು. ಆ ಬೆಲೆಗೆ ಗುಣಮಟ್ಟ ಉಳಿಸಲಾಗದು ಎಂದು ಎಂ.ಟಿ.ಆರ್. ಹೋಟೆಲನ್ನೇ ಮುಚ್ಚಿ, ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. ಆ ರವೆ ಇಡ್ಲಿಯಾದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹುಟ್ಟಿದ್ದು. ಅಭಾವ ಒಮ್ಮೆ ಹೊಸ ತಿಂಡಿ ಕೊಟ್ಟಿತು, ಇನ್ನೊಮ್ಮೆ ಹೊಸ ವ್ಯಾಪಾರ ಕೊಟ್ಟಿತು.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ‘ಕೆಫೆ ದರ್ಶಿನಿ’ ತೆರೆದರು. ವಿದೇಶದ ಫಾಸ್ಟ್ ಫುಡ್ ಅಂಗಡಿಗಳ ಮಾದರಿಗೆ ಇಡ್ಲಿ, ವಡೆ, ದೋಸೆಯನ್ನು ಕೂಡಿಸಿದ ಏರ್ಪಾಟು ಅದು. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ಮೊದಲು ಹಣ, ಆಮೇಲೆ ತಿಂಡಿ. ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ. ಲೆಕ್ಕ ಸರಳ: ಜಾಗ ಕಡಿಮೆ, ಆಳು ಕಡಿಮೆ, ಒಂದೇ ಮೇಜಿನಲ್ಲಿ ಗಂಟೆಗೆ ಹತ್ತಾರು ಮಂದಿ, ಆದ್ದರಿಂದ ಬೆಲೆಯೂ ಕಡಿಮೆ. ಕೆಲವೇ ವರ್ಷಗಳಲ್ಲಿ ದರ್ಶಿನಿ ಎಂಬ ಅಂಕಿತನಾಮ ಒಂದು ಜಾತಿಯ ಹೋಟೆಲಿಗೇ ಹೆಸರಾಯಿತು. ‘ಜಾತಿ’ ಪದ ಇಲ್ಲಿ ತಮಾಷೆಗೆ ಬಂದದ್ದಲ್ಲ. ನಿಂತು ತಿನ್ನುವ ಮೇಜು, ಜಾತಿಯ ಪ್ರಶ್ನೆಗೆ ಉತ್ತರ ಕೊಡಲೆಂದು ಬಂದದ್ದಲ್ಲ. ಬಾಡಿಗೆ ಉಳಿಸಲು ಬಂದದ್ದು. ಆದರೂ ಆ ಪ್ರಶ್ನೆ ಕೇಳಲು ಬೇಕಾದ ಬಿಡುವನ್ನು ಅದು ಕಿತ್ತುಕೊಂಡಿತು. ಒಳಕೋಣೆ ಇಲ್ಲ, ಪಡಸಾಲೆ ಇಲ್ಲ, ಫ್ಯಾಮಿಲಿ ರೂಮೂ ಇಲ್ಲ. ಆಫೀಸಿನಿಂದ ಹೊರಟ ಹೆಂಗಸು ಒಬ್ಬಳೇ ನಿಂತು ಕಾಫಿ ಕುಡಿದು ಬಸ್ ಹಿಡಿದರೆ ತಿರುಗಿ ನೋಡುವವರಿಲ್ಲ.

ಅದಾಗಿ ಹನ್ನೆರಡು ವರ್ಷಕ್ಕೆ, 1995ರಲ್ಲಿ, ಬ್ರಿಗೇಡ್ ರಸ್ತೆಗೆ ಕೆಂಟುಕಿ ಫ್ರೈಡ್ ಚಿಕನ್ ಬಂತು. 1996ರ ಜನವರಿ 30ರಂದು ರಾಜ್ಯ ರೈತ ಸಂಘದವರು ಅದರ ಮೇಲೆ ದಾಳಿ ಮಾಡಿದ್ದು ದೇಶದಾಚೆಗೂ ಸುದ್ದಿಯಾಯಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲೇ ಕೆಫೆ ಕಾಫಿ ಡೇ ತೆರೆಯಿತು. ಅಕ್ಟೋಬರಿನಲ್ಲಿ ಮ್ಯಾಕ್‌ಡೊನಾಲ್ಡ್ಸ್, ತನ್ನ ಬರ್ಗರಿನಿಂದ ದನದ ಮಾಂಸ ಬಿಟ್ಟು, ದೆಹಲಿಗೆ ಕಾಲಿಟ್ಟಿತು. ಇನ್ನು ದೋಸೆಯ ಕಥೆ ಮುಗಿಯಿತು ಎಂದು ಹೆದರಿದವರಿದ್ದರು. ಹಾಗಾಗಲಿಲ್ಲ. ಅಯ್ಯಂಗಾರ್ ಬೇಕರಿಯ ಖಾರಾ ಬನ್ನು ತಿಂದು ಬೆಳೆದ ಊರಿಗೆ ಎರಡು ಹೋಳು ಬ್ರೆಡ್ಡಿನ ನಡುವೆ ಏನನ್ನಾದರೂ ಇಟ್ಟು ತಿನ್ನುವುದು ಹೊಸತೇನಲ್ಲ. ಹೊಸತಾಗಿ ಬಂದದ್ದು ಬೇರೆ: ಬಾಗಿಲಲ್ಲಿ ಕಾವಲುಗಾರ, ಒಳಗೆ ಹವಾನಿಯಂತ್ರಣ, ಗಲ್ಲಾದ ಮೇಲೆ ಒಂದು ದಿನದ ಕೂಲಿಗೆ ಸಮೀಪದ ಬೆಲೆ. ಮೇಳಿಗೆಯ ಹೋಟೆಲಿನಲ್ಲಿ ಕುಲ ಕಾದ ಹೊಸ್ತಿಲನ್ನು ಇಲ್ಲಿ ಪರ್ಸು ಕಾಯುತ್ತದೆ.

2017ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಆರಂಭಿಸಿದಾಗ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ನಿಗದಿ ಮಾಡಿತು. ಟೋಕನ್, ಕೌಂಟರ್, ನಿಂತು ತಿನ್ನುವ ಮೇಜು ಎಲ್ಲವೂ ದರ್ಶಿನಿಯದೇ ವಿನ್ಯಾಸ. ಅದರ ರಾಜಕೀಯ ಏನೇ ಇರಲಿ, ದರ್ಶಿನಿಯ ಬೆಲೆಯೂ ಕೈಗೆಟುಕದೆ ಹೋದವರು ಊರಿನಲ್ಲಿದ್ದಾರೆ ಎಂಬುದನ್ನು ಆ ಸಾಲು ತೋರಿಸಿತು.

ನಗರದಿಂದ ಬಸ್ಸು ಹತ್ತಿ ಎರಡು ಗಂಟೆ ಹೋದರೆ ಮತ್ತೆ ತಗಡಿನ ಮಾಡಿನ ಹೋಟೆಲ್. ಎರಡು ಲೋಟದ ಪದ್ಧತಿ ಕಾನೂನಿನ ಭಯಕ್ಕೆ ಎಷ್ಟೋ ಕಡೆ ಮರೆಯಾಗಿದೆ. ಸೂರಿನ ಗಳುವಿಗೆ ಸಿಕ್ಕಿಸಿಟ್ಟ, ಕುಡಿದವನೇ ತೊಳೆದಿಡಬೇಕಾದ ಲೋಟ ಈಗ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದರ ಜಾಗಕ್ಕೆ ಕುಡಿದು ಎಸೆಯುವ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಅದನ್ನೇ ಕೊಡುವ ಹೋಟೆಲುಗಳಿವೆ. ಕೆಲವರಿಗೆ ಸ್ಟೀಲ್ ಲೋಟ, ಕೆಲವರಿಗೆ ಮಾತ್ರ ಕಾಗದದ ಲೋಟ ಕೊಡುವ ಹೋಟೆಲುಗಳೂ ಇವೆ. ಯಾರಿಗೆ ಯಾವುದು ಎಂದು ಮಾಣಿ ಗಿರಾಕಿಯನ್ನು ಕೇಳುವುದಿಲ್ಲ. ಅವನಿಗೆ ಮೊದಲೇ ಗೊತ್ತಿರುತ್ತದೆ.