ಒಡೆದ ಕಾಂಕ್ರೀಟ್ ರಸ್ತೆಯಾದ್ರೆ ಎಷ್ಟು ವರ್ಷ ಬಾಳುತ್ತೆ?

ಕಳೆದ ವಾರ ನಮ್ಮ ಪಕ್ಕದ ಹಳೇ ಮನೆ ಕೆಡವಿದ್ರು. ಮೂರು ದಿನ ಟ್ರ್ಯಾಕ್ಟರ್‌ನಲ್ಲಿ ಡೆಬ್ರಿಸ್ ಹೋಯ್ತು. "ಎಲ್ಲಿಗಣ್ಣಾ?" ಅಂತ ಡ್ರೈವರ್‌ನ ಕೇಳಿದೆ, ನಕ್ಕು ಸುಮ್ಮನಾದ್ರು. ಇದನ್ನೇ ಕ್ರಷರ್‌ಗೆ ಹಾಕಿ ಜಲ್ಲಿ ಮಾಡಿ ರಸ್ತೆಗೆ ಬಳಸಬಹುದು, ಅದು ಹೊಸ ವಿಷಯ ಅಲ್ಲ. ಇಪ್ಪತ್ತು ವರ್ಷ ಆದ್ಮೇಲೆ ಆ ರಸ್ತೆ ಹೇಗಿರುತ್ತೆ? ನಾನು ಓದಿದ್ದು ಕಾಮರ್ಸ್, ಹಾಗಾಗಿ ಮೊದಲ ವರ್ಷದ ಉಳಿತಾಯ ಕೇಳಿ ಖುಷಿಪಡೋಕೆ ಆಗಲ್ಲ.

ಅಮೆರಿಕದಲ್ಲಿ ಎರಡು ಉದಾಹರಣೆ ಇವೆ. 1980ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಹೆದ್ದಾರಿ 59ರ ಸುಮಾರು 16 ಮೈಲಿ ಹಳೇ ಕಾಂಕ್ರೀಟ್ ಕಿತ್ತು, ಒಡೆದು, ಅದೇ ಜಲ್ಲಿಯಿಂದ ಹೊಸ ಕಾಂಕ್ರೀಟ್ ರಸ್ತೆ ಮಾಡಿದ್ರು. ಹಳೇ ರಸ್ತೆಯ ಕಲ್ಲುಗಳು ನೀರು ಹೀರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸೀಳ್ತಿದ್ವು. ಸಣ್ಣದಾಗಿ ಒಡೆದ್ರೆ ಆ ಕಾಟ ಕಡಿಮೆ ಅಂತ ಹಾಗೇ ಮಾಡಿದ್ರು. ಆ ರಸ್ತೆ ಇಪ್ಪತ್ತು ವರ್ಷ ದಾಟಿ ಬಾಳ್ತು.

ಅದೇ ದಶಕದಲ್ಲಿ ಮಿಶಿಗನ್‌ನಲ್ಲೂ ಹೀಗೇ ರಸ್ತೆ ಮಾಡಿದ್ರು. ಅಲ್ಲಿ ಉದ್ದುದ್ದ ಸ್ಲ್ಯಾಬ್‌ಗಳು ಬೇಗನೇ ಮಧ್ಯದಲ್ಲಿ ಬಿರುಕುಬಿಟ್ವು. ಯಾಕೆ? ಮಾಮೂಲಿ ಕಾಂಕ್ರೀಟ್‌ನಲ್ಲಿ ಬಿರುಕು ಗಟ್ಟಿ ಕಲ್ಲುಗಳನ್ನ ಸುತ್ತಿಕೊಂಡು ಹೋಗುತ್ತೆ. ಎರಡೂ ಬದಿ ಒರಟಾಗಿ, ಹಲ್ಲಿಗೆ ಹಲ್ಲು ಕೂತ ಹಾಗೆ ಹಿಡ್ಕೊಂಡಿರ್ತವೆ. ಒಡೆದ ಕಾಂಕ್ರೀಟಿನ ಜಲ್ಲಿ ಸಣ್ಣದು, ಮೈಗೆಲ್ಲ ಹಳೇ ಗಾರೆ ಅಂಟಿರುತ್ತೆ. ಬಿರುಕು ನುಣುಪಾಗಿ ಸೀಳುತ್ತೆ, ಹಿಡಿತ ಹೋಗುತ್ತೆ, ಲಾರಿ ಹೋದಾಗಲೆಲ್ಲ ಎರಡು ತುಂಡೂ ಕುಣಿಯುತ್ತೆ. ಕೊನೆಗೆ ಅಲ್ಲಿನ ಇಲಾಖೆ ಮುಖ್ಯ ಹೆದ್ದಾರಿಗಳ ಮೇಲ್ಪದರಕ್ಕೆ ಇದನ್ನ ಬಳಸೋದನ್ನೇ ನಿಲ್ಲಿಸ್ತು. ತಪ್ಪು ಬರೀ ಜಲ್ಲಿದಲ್ಲ, ಅಷ್ಟು ಉದ್ದದ ಸ್ಲ್ಯಾಬ್ ಹಾಕಿದ್ದೂ ತಪ್ಪೇ.

ಮೇಲ್ಪದರ ಬಿಟ್ಟು ಕೆಳಗಿನ ಪದರಕ್ಕೆ ಹಾಕಿದ್ರೆ ಕಥೆ ಬೇರೆ. ಜಲ್ಲಿಯಲ್ಲಿ ಉಳಿದ ಸಿಮೆಂಟ್ ನೀರು ಕಂಡು ಮತ್ತೆ ಸ್ವಲ್ಪ ಗಟ್ಟಿಯಾಗುತ್ತೆ, ವರ್ಷ ಕಳೆದಂತೆ ಪದರ ಬಿಗಿಯಾಗುತ್ತೆ. ನನಗೆ ಇದು ನಿಜಕ್ಕೂ ಆಶ್ಚರ್ಯ. ಆದರೆ ಅದೇ ಸುಣ್ಣ ನೀರಲ್ಲಿ ಕರಗಿ ಇಳಿದು, ಗಾಳಿ ತಾಗಿದಾಗ ಬಿಳಿ ಪದರವಾಗಿ ಡ್ರೈನ್ ಪೈಪಲ್ಲಿ ಕೂರುತ್ತೆ. ಬೋರ್‌ವೆಲ್ ನೀರು ಕಾಯಿಸೋ ಪಾತ್ರೆ ನೋಡಿದೀರಲ್ಲ, ಹಾಗೇ. ಪೈಪ್ ಕಟ್ಟಿಕೊಂಡ್ರೆ ನೀರು ರಸ್ತೆ ಕೆಳಗೇ ನಿಲ್ಲುತ್ತೆ.

ನಮ್ಮಲ್ಲೂ ನಿಯಮ ಇದೆ. ಐಎಸ್ 383ರ 2016ರ ಆವೃತ್ತಿ ಕಬ್ಬಿಣ ಇಲ್ಲದ ಕಾಂಕ್ರೀಟ್‌ಗೆ ಇಂಥ ಜಲ್ಲಿ ಶೇ 25ರವರೆಗೆ ಹಾಕಬಹುದು ಅನ್ನುತ್ತೆ. ಆದರೆ ಒಂದು ವ್ಯತ್ಯಾಸ. ಅಮೆರಿಕದಲ್ಲಿ ಒಡೆದಿದ್ದು ರಸ್ತೆಯ ಕಾಂಕ್ರೀಟ್. ನಮ್ಮ ಪಕ್ಕದ ಮನೆಯ ಟ್ರ್ಯಾಕ್ಟರ್‌ನಲ್ಲಿ ಇಟ್ಟಿಗೆ, ಟೈಲ್ಸ್, ಕಮೋಡ್ ಚೂರು, ಪ್ಲಾಸ್ಟಿಕ್ ಎಲ್ಲ ಇತ್ತು. ಅದನ್ನ ಬೇರ್ಪಡಿಸೋ ಖರ್ಚು ಮನೆ ಕೆಡವೋರದ್ದಾ, ಕಂಟ್ರಾಕ್ಟರ್‌ದಾ, ಪಾಲಿಕೆದಾ?

ನಿಮ್ಮ ಏರಿಯಾದಲ್ಲಿ ಡೆಬ್ರಿಸ್ ಎಲ್ಲಿಗೆ ಹೋಗುತ್ತೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.